ಗುಂಡಿಯಿಲ್ಲದ ಕಾಜಾ

ಕಾಜಕ್ಕ ಹೊಲಿದ ಕಾಜಾಕ್ಕೆ ಗುಂಡಿಗಳು ತಾವಾಗಿಯೇ ಉರುಳಿಕೊಂಡು ಬಂದು ಸೇರುತ್ತವೆ ಎಂದು ಬೀದಿಯಲ್ಲಿ ಮಾತಿತ್ತು. ಉರುಳಿ ಬಂದದ್ದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ, ನಿಜ. ಆದರೆ ಅವಳು ಕಾಜಾ ಹಾಕಿದ ಕೋಟು ತೊಟ್ಟವನ ಹೊಟ್ಟೆ ಊಟವಾದ ಮೇಲೆ ಎರಡು ಪಟ್ಟಾದರೆ ಗುಂಡಿ ಕಿತ್ತು ಹಾರುತ್ತಿತ್ತೇ ಹೊರತು ಕಾಜಾ ಒಂದೆಳೆ ದಾರವನ್ನೂ ಬಿಟ್ಟುಕೊಡುತ್ತಿರಲಿಲ್ಲ. ಹಾಗೆ ಹಾರಿದ ಗುಂಡಿಯೊಂದು ಎದುರಿನ ಗಡಿಯಾರ ರಿಪೇರಿಯವನ ಕನ್ನಡಕಕ್ಕೆ ಬಡಿದಿತ್ತಂತೆ. ಅಂದಿನಿಂದ ಹೊಟ್ಟೆ ಮುಂದಿರುವ ಗಿರಾಕಿ ಯಾರೇ ಬರಲಿ, ಅವನು ತಲೆ ತಗ್ಗಿಸಿಕೊಂಡೇ ಮಾತಾಡುತ್ತಾನೆ.

ಕಾಜಾ ಎಂದರೆ ಬೇರೇನಲ್ಲ, ಕೋಟಿನಲ್ಲಿ ಗುಂಡಿ ತೂರಿಸುವ ಕಿಂಡಿ. ಬಟ್ಟೆಯನ್ನು ಸೀಳಿ, ಸೀಳಿದ ಅಂಚು ಬಿಚ್ಚಿಕೊಳ್ಳದ ಹಾಗೆ ಸುತ್ತಲೂ ಒತ್ತೊತ್ತಾಗಿ ದಾರ ಕಟ್ಟಬೇಕು. ಗಂಡ ಟೈಲರು. ಅಳತೆ, ಕತ್ತರಿ, ಮೆಷಿನ್ನು ಅವನವು. ಕಾಜಾ ಮಾತ್ರ ಅವಳದು. ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ ಅರ್ಧ ಅಂಗಡಿ, ಅರ್ಧ ಮನೆ. ಎರಡರ ನಡುವೆ ಅತ್ತೆಯ ಮಂಚ. ಅತ್ತೆ ಕೆಮ್ಮಿದರೆ ಮೂರನೆಯ ಬೀದಿಯಲ್ಲಿ ಮಲಗಿದ್ದ ನಾಯಿ ಎದ್ದು ಕೂರುತ್ತಿತ್ತು. ಬೈದರಂತೂ ಅದು ಊರೇ ಬಿಡುತ್ತಿತ್ತು.

ಆ ಕೋಣೆಗೆ ಹೋಗಲು ಹೊರಗಿನಿಂದ ಮೆಟ್ಟಿಲು. ಮೆಟ್ಟಿಲು ತಿರುಗುವ ಕಡೆ ಮಂಚದಷ್ಟಗಲದ ಒಂದು ಜಾಗ, ಬೀದಿಯ ಕಡೆಗೆ ಬಟ್ಟಬಯಲು, ಸೊಂಟದೆತ್ತರಕ್ಕೆ ಒಂದು ಕಬ್ಬಿಣದ ಕಂಬಿ. ಚಳಿಗಾಲದ ಸೂರ್ಯ ಸೋಮಾರಿ. ಎದುರಿನ ಎರಡು ಕಟ್ಟಡಗಳ ಸಂದಿಯಿಂದ ಇಣುಕಿ, ಇಡೀ ಬೀದಿಯಲ್ಲಿ ಆ ಒಂದು ಜಾಗವನ್ನೇ ಹುಡುಕಿಕೊಂಡು ಬಂದು, ಸ್ವಲ್ಪ ಹೊತ್ತು ಕುಳಿತು ಎದ್ದು ಹೋಗುತ್ತಿದ್ದ. ಅವನು ಬರುವ ಹೊತ್ತಿಗೆ ಕಾಜಕ್ಕ ಸೂಜಿಯನ್ನು ಸೆರಗಿಗೆ ಚುಚ್ಚಿ ಎದ್ದುಬಿಡುತ್ತಿದ್ದಳು. ಗಿರಾಕಿ ಬಂದಿರಲಿ, ಗಂಡ ಕೂಗಲಿ, ಒಲೆಯ ಮೇಲೆ ನೀರು ಉಕ್ಕಲಿ, ಅವಳು ಕೇಳಳು.

ಚಳಿ ಶುರುವಾಗುತ್ತಲೇ ಅವಳು ಎಳ್ಳೆಣ್ಣೆಯಲ್ಲಿ ಜೇನುಮೇಣ ಕರಗಿಸಿ ತಗಡಿನ ಡಬ್ಬಿಗೆ ಸುರಿದಿಡುತ್ತಿದ್ದಳು. ದಾರ ಸಿಕ್ಕಾಗದಿರಲೆಂದು ಉಜ್ಜುವ ಮೇಣವೇ ಅದು. ದಾರಕ್ಕಾದದ್ದು ಕೈಗೇಕಾಗಬಾರದು ಎಂಬುದು ಅವಳ ವಾದ. ಒಳಗೆ ಕಲ್ಲಿನಂತಿರುವ ಆ ಮುಲಾಮು ಬಿಸಿಲಿಗಿಟ್ಟರೆ ಬೆಣ್ಣೆಯಾಗುತ್ತಿತ್ತು. ಒಂದೊಂದೇ ಬೆರಳಿಗೆ ಉಗುರಿನ ಬುಡದಿಂದ ಉಜ್ಜಿ, ಎರಡೂ ಅಂಗೈ ಬಿಸಿಲಿಗೆ ಚಾಚಿ, ಕಣ್ಣು ಮುಚ್ಚಿ ಕೂತರೆ ಬೆರಳ ಸಂದುಗಳಲ್ಲಿ ಹೆಪ್ಪುಗಟ್ಟಿದ್ದ ಚಳಿ ಇಳಿದು ಹೋಗುವುದು ಅವಳಿಗೆ ಗೊತ್ತಾಗುತ್ತಿತ್ತು. ಆಮೇಲೆ ಬೂದಿಯಲ್ಲಿ ಕೈ ತಿಕ್ಕಿ ತೊಳೆದು ಸೂಜಿ ಹಿಡಿದರೆ ಕತ್ತಲಾಗುವವರೆಗೆ ಕೈ ಅವಳ ಮಾತು ಕೇಳುತ್ತಿತ್ತು.

ಆ ವರ್ಷ ವರ್ಷಾಂತ್ಯದ ರಜೆಗೆ ಊರಿನ ವಾದ್ಯದವರು ಹೊಸ ಕೋಟು ಹೊಲಿಯಲು ಕೊಟ್ಟಿದ್ದರು. ವಾದ್ಯದವರ ಕೋಟೆಂದರೆ ಬಟ್ಟೆಗಿಂತ ಗುಂಡಿಯೇ ಜಾಸ್ತಿ. ಎದೆಗೆ ಎರಡು ಸಾಲು, ತೋಳಿಗೆ ಒಂದು ಸಾಲು, ಭುಜದ ಪಟ್ಟಿಗೆ ಬೇರೆ. ಬಣ್ಣವೋ, ಅಚ್ಚ ಬಿಳಿ.

"ಕಾಜಕ್ಕಾ, ಬಿಳೀದು ಅಂದ್ರೆ ಬಿಳೀದು," ಎಂದಿದ್ದರು ಬ್ಯಾಂಡ್ ಮೇಷ್ಟ್ರು. ಕಹಳೆ ಊದಿ ಊದಿ ಅವರ ಕೆನ್ನೆ ಎರಡೂ ಬನ್ನಿನಂತಾಗಿದ್ದವು. "ಒಂದು ಚುಕ್ಕೆ ಬಿದ್ರೂ ನಾನು ತಗೊಳ್ಳಲ್ಲ."

"ಚುಕ್ಕೆ ಬಿದ್ರೆ ನಾನೇ ಕೊಡಲ್ಲ. ನೀವು ಶ್ರುತಿ ತಪ್ಪದಂಗೆ ನೋಡ್ಕೊಳ್ಳಿ, ಹೋಗಿ," ಎಂದಳು ಕಾಜಕ್ಕ.

ಕೆಲಸ ನೀರು ಹರಿದಂತೆ ಸಾಗಿತ್ತು. ಹೀಗಿರುವಾಗ ಒಂದು ದಿನ ಬೆಳಿಗ್ಗೆ ಅವಳು ಮೆಟ್ಟಿಲ ತಿರುವಿನಲ್ಲಿ ಕೈ ಚಾಚಿ ಕೂತಿದ್ದಾಗಲೇ ಸೂರ್ಯ ಆರಿಹೋದ.

ಮೋಡ ಬಂತೇನೋ ಎಂದು ಕಣ್ಣು ಬಿಟ್ಟಳು. ಮೋಡವಲ್ಲ, ಬ್ಯಾನರು. ಮೇಲಿನ ತಾರಸಿಯಿಂದ ಇಳಿಬಿಟ್ಟ ಪರದೆ, ಮೆಟ್ಟಿಲಿನ ಬಯಲು ಭಾಗವನ್ನೆಲ್ಲ ಮುಚ್ಚಿ ಕೆಳಗಿನವರೆಗೂ ಇಳಿದಿತ್ತು. ಎಷ್ಟು ದೊಡ್ಡದೆಂದರೆ, ಗಾಳಿ ಬಂದರೆ ಕಟ್ಟಡವೇ ಹಾಯಿದೋಣಿಯಂತೆ ತೇಲಿಹೋದೀತು ಎನ್ನುವಷ್ಟು. ಅವಳು ಕೆಳಗಿಳಿದು ಹೋಗಿ ಬೀದಿಯಲ್ಲಿ ನಿಂತು ನೋಡಿದಳು. ಮಲಗಿದ ಹೆಂಗಸೊಬ್ಬಳ ಮುಖ. ಎರಡೂ ಕಣ್ಣಿನ ಮೇಲೆ ಸೌತೆಕಾಯಿಯ ಬಿಲ್ಲೆ. ಕೆಳಗೆ ಆಳುದ್ದದ ಅಕ್ಷರ: 'ಈ ಚಳಿಗಾಲದ ರಜೆಯಲ್ಲಿ ನಿಮ್ಮನ್ನು ನೀವು ನೋಡಿಕೊಳ್ಳಿ. ಸಹಜವಾಗಿ.'

"ನಾನು ಅದನ್ನೇ ಮಾಡ್ತಾ ಇದ್ನಲ್ಲೇ!" ಎಂದಳು ಕಾಜಕ್ಕ ಆ ಮುಖಕ್ಕೆ.

ಮೇಲಿನ ಮಹಡಿಗೆ ಆ ತಿಂಗಳಷ್ಟೇ ಆರೋಗ್ಯದ ಅಂಗಡಿಯೊಂದು ಬಂದಿತ್ತು. ಕಾಲಿಗೆ ಬಿಸಿನೀರು, ಬೆನ್ನಿಗೆ ಬಿಸಿಕಲ್ಲು, ಮೂಗಿಗೆ ಹೊಗೆ, ಒಳಗೆ ಕಾಲಿಟ್ಟರೆ ಹೂವಿನಂಗಡಿಗೂ ಆಸ್ಪತ್ರೆಗೂ ಮದುವೆ ಮಾಡಿಸಿದಂತಹ ವಾಸನೆ. ಮ್ಯಾನೇಜರು ಪಿಸುಮಾತಿನ ಮನುಷ್ಯ. ತಾರಸಿಗೆ ಬೆಂಕಿ ಬಿದ್ದರೂ ಆತ 'ದಯವಿಟ್ಟು ಇಳಿಯಿರಿ' ಎಂದು ಕಿವಿಯಲ್ಲಿ ಹೇಳುವವನು.

"ಬ್ಯಾನರ್ ಸ್ವಲ್ಪ ಪಕ್ಕಕ್ಕೆ ಕಟ್ಟಿ ಸಾರ್. ನಮ್ಮ ಬಿಸಿಲಿಗೆ ಅಡ್ಡ ಆಗಿದೆ," ಎಂದಳು ಕಾಜಕ್ಕ.

"ಮೇಡಂ, ಮನೆ ಓನರ್ ಒಪ್ಪಿಗೆ ತಗೊಂಡೇ ಹಾಕಿರೋದು. ರಜೆ ಮುಗಿಯೋ ತನಕ ಅಷ್ಟೇ."

"ರಜೆ ಮುಗಿಯೋದ್ರೊಳಗೆ ನನ್ನ ಬೆರಳು ಮುಗಿದೋಗುತ್ತೆ."

ಆತ ಅವಳ ಕೈ ನೋಡಿದ. ನೋಡಿದವನೇ ಮುಖ ಅರಳಿಸಿದ. "ಅಯ್ಯೋ, ಬಿಸಿಲು ತಾನೇ? ನಮ್ಮಲ್ಲಿದೆ ಬನ್ನಿ. ಅಕ್ಕಪಕ್ಕದವರಿಗೆ ಮೊದಲನೇ ಸಲ ಫ್ರೀ."

ಒಳಕೋಣೆಯಲ್ಲಿ ಒಂದು ಕರೆಂಟಿನ ಸೂರ್ಯನಿದ್ದ. ದೊಡ್ಡ ತಟ್ಟೆಯಂಥ ದೀಪ. ಅದರ ಕೆಳಗೆ ಅವಳ ಕೈ ಇರಿಸಿ, ಸ್ಪೀಕರಿನಲ್ಲಿ ಹಕ್ಕಿ ಕೂಗಿಸಿದರು. ಒಂದೇ ಹಕ್ಕಿ, ಒಂದೇ ಕೂಗು. ಕಾಜಕ್ಕನಿಗೆ ಅದರ ಹೊಟ್ಟೆ ಕೆಟ್ಟಿರಬೇಕೆನ್ನಿಸಿತು. ಚರ್ಮ ಸುರುಸುರು ಎಂದಿತು, ಒಳಗಿನ ಮೂಳೆ ಹಾಗೇ ತಣ್ಣಗೆ ಕೂತಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಸೂರ್ಯನೂ ಹೋದ, ಹಕ್ಕಿಯೂ ಹೋಯಿತು.

"ನಿಮ್ಮ ಸೂರ್ಯನ್ನ ನೀವೇ ಇಟ್ಕೊಳ್ಳಿ. ನಮ್ಮದು ನಮಗೆ ಬಿಡಿ," ಎಂದು ಕಾಜಕ್ಕ ಕತ್ತಲಲ್ಲೇ ತಡವರಿಸಿಕೊಂಡು ಇಳಿದು ಬಂದಳು. ಬ್ಯಾನರು ಅಲ್ಲಾಡಲಿಲ್ಲ.

ಮುಂದಿನ ದಿನಗಳಲ್ಲಿ ಗಂಡ ತನಗೆ ತೋಚಿದ್ದನ್ನೆಲ್ಲ ಮಾಡಿದ. ಒಳ್ಳೆಯವನೇ, ಜಗಳವೆಂದರೆ ಮಾತ್ರ ಅವನಿಗೆ ಜ್ವರ. ಉಣ್ಣೆಯ ಕೈಗವಸು ಹೊಲಿದುಕೊಟ್ಟ; ಅದನ್ನು ತೊಟ್ಟು ಸೂಜಿ ಹಿಡಿಯುವುದೆಂದರೆ ಒನಕೆ ಹಿಡಿದು ಕಣ್ಣಿಗೆ ಕಾಡಿಗೆ ಹಚ್ಚಿದ ಹಾಗೆ. ಇದ್ದಿಲ ಅಗ್ಗಿಷ್ಟಿಕೆ ತಂದಿಟ್ಟ. ಒಂದು ಕಿಡಿ ಸಿಡಿದು ಬಿಳಿ ತೋಳಿನ ಪಕ್ಕದಲ್ಲೇ ಬಿದ್ದದ್ದನ್ನು ನೋಡಿ ತಾನೇ ಹೊತ್ತೊಯ್ದ. ಮುಲಾಮು ಡಬ್ಬಿಯಲ್ಲಿ ಕಲ್ಲಾಗಿ ಕೂತಿತು. ಒಲೆಯ ಮೇಲೆ ಕರಗಿಸಿ ಹಚ್ಚಿದರೆ ಕೈಗೆ ತಾಗುವಷ್ಟರಲ್ಲಿ ಮತ್ತೆ ಹೆಪ್ಪು.

ಮೊದಲು ಬೆರಳು ಬಿಗಿಯಿತು, ಆಮೇಲೆ ಒಡೆಯಿತು. ಹೆಬ್ಬೆರಳ ತುದಿಯಲ್ಲಿ ಎದ್ದ ಬಿರುಕಿಗೆ ದಾರ ಸಿಕ್ಕಿಕೊಳ್ಳತೊಡಗಿತು. ಒಂದು ಮಧ್ಯಾಹ್ನ ಬ್ಯಾಂಡ್ ಮೇಷ್ಟ್ರ ಕೋಟಿನ ಎದೆಯ ಮೇಲೆಯೇ ಕೆಂಪು ಚುಕ್ಕೆಯೊಂದು ಬಿತ್ತು.

ಗಂಡ ಮೆಷಿನ್ನು ನಿಲ್ಲಿಸಿಬಿಟ್ಟ. ಕಾಜಕ್ಕ ಬಿಳಿ ದಾರದ ತುಂಡೊಂದನ್ನು ಬಾಯಲ್ಲಿಟ್ಟು ಅಗಿದು, ಎಂಜಲಲ್ಲಿ ನೆನೆಸಿ, ಚುಕ್ಕೆಯ ಮೇಲೆ ಒತ್ತಿ ಒತ್ತಿ ತೆಗೆದಳು. ತನ್ನ ರಕ್ತಕ್ಕೆ ತನ್ನ ಎಂಜಲು. ಹೊಲಿಗೆಯವರ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದೇ. ಚುಕ್ಕೆ ಹೋಯಿತು. ಹೋಗುತ್ತಲೇ ಪಕ್ಕದಲ್ಲಿ ಇನ್ನೊಂದು ಬಿತ್ತು.

"ಮೇಷ್ಟ್ರಿಗೆ ಹೇಳ್ಬಿಡ್ಲಾ?" ಎಂದ ಗಂಡ ಮೆಲ್ಲಗೆ. "ಕಾಜಾ ಮೆಷಿನ್ ಇಟ್ಟಿರೋರ ಹತ್ರ ಕೊಡೋಣ. ಈ ಒಂದ್ಸಲ."

ಕಾಜಕ್ಕ ಬೆರಳನ್ನು ಬಾಯಿಂದ ತೆಗೆದಳು. "ಈ ಒಂದ್ಸಲ ಅಂತ ಅವರ ಕೈಗೆ ಹೋದ್ರೆ ಮುಂದಿನ ವರ್ಷ ನನ್ನ ಕೈ ನೆನಪಿರುತ್ತಾ ಯಾರಿಗಾದ್ರೂ? ರೀ, ನನ್ನ ಕೈಗೆ ರೋಗ ಬಂದಿಲ್ಲ. ನನ್ನ ಬಿಸಿಲಿಗೆ ಬಟ್ಟೆ ಹೊದಿಸಿದಾರೆ. ಬಟ್ಟೆ ಅಂದ್ಮೇಲೆ ಏನ್ ಮಾಡ್ಬೇಕು ಅಂತ ನಂಗೊತ್ತಿಲ್ವಾ?"

ಅವಳ ಕಣ್ಣು ಗೋಡೆಯ ಮೇಲಿನ ದೊಡ್ಡ ಕತ್ತರಿಯ ಮೇಲಿತ್ತು. ಗಂಡನಿಗೆ ಜ್ವರ ಬಂದೇಬಿಟ್ಟಿತು.

"ಅಯ್ಯೋ, ಬೇಡ ಕಣೇ! ಮಾಡ್ಲೇಬೇಕು ಅಂದ್ರೆ ಕತ್ತಲಾದ್ಮೇಲೆ ಮಾಡೋಣ. ಗಾಳಿಗೆ ಹರೀತು ಅಂದ್ರಾಯ್ತು."

"ಕದಿಯೋಕ್ ಹೋಗ್ತಿದೀನಾ ನಾನು? ಬೆಳಗ್ಗೆ ಮಾಡ್ತೀನಿ, ಬೀದಿ ತುಂಬ ಜನ ಇರೋವಾಗ. ಹರಿಯೋದೂ ಇಲ್ಲ. ಹರಿಯೋದು ನಮ್ಮ ಕಸುಬಲ್ಲ. ಕಾಜಾ ಹಾಕ್ತೀನಿ."

ಮಂಚದ ಮೇಲಿಂದ ಅತ್ತೆ ಎದ್ದು ಕೂತರು. "ಸೀಮೆಸುಣ್ಣ ಎಲ್ಲಿದ್ಯೇ ಹುಡುಗಿ? ಗುರುತು ನಾನು ಹಾಕ್ತೀನಿ. ಇವನು ಹಾಕಿದ್ರೆ ಕೈ ನಡುಗಿ ಅಂಕುಡೊಂಕಾಗುತ್ತೆ."

"ಅಮ್ಮಾ, ನೀನೂನಾ?"

"ನಾನೂನು. ಈ ಮಂಡಿಗೂ ಅದೇ ಬಿಸಿಲು ಕಣೋ. ನಿನ್ನ ಹೆತ್ತ ದಿನ ಇಷ್ಟು ನೋವಿರಲಿಲ್ಲ."

ಮರುದಿನ ಬೆಳಿಗ್ಗೆ ಬೀದಿ ರಜೆಯ ಜನರಿಂದ ಗಿಜಿಗುಡುತ್ತಿತ್ತು. ಕಾಜಕ್ಕ ಮೆಟ್ಟಿಲ ತಿರುವಿನಲ್ಲಿ ನಿಂತಳು. ಬ್ಯಾನರಿನ ಹಿಂಭಾಗದಲ್ಲಿ ಎದೆಯ ಮಟ್ಟಕ್ಕೆ ಒಂದು ಕಡೆ ಬೆಳಕು ಕೆಂಪಗೆ ಉಬ್ಬಿತ್ತು. ಸೂರ್ಯ ಹೊರಗೆ ನಿಂತು ಬಾಗಿಲು ಬಡಿಯುತ್ತಿದ್ದ. ಅತ್ತೆ ಅದರ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದರು. ಎರಡೂ ತುದಿ ಚೂಪು, ನಡುವೆ ಅಗಲ, ಒಂದು ಆಳು ಕೈ ಚಾಚಿದಷ್ಟು ಉದ್ದ.

ಕತ್ತರಿ ಆಡಿದ ಸದ್ದಿಗೆ ಬೀದಿಯ ಅರ್ಧ ಜನ ತಲೆಯೆತ್ತಿದರು. ಸೀಳಿದೊಡನೆ ಬಿಸಿಲು ಧೊಪ್ಪೆಂದು ಒಳಗೆ ಬಿತ್ತು, ಮೂಟೆ ಬಿದ್ದ ಹಾಗೆ. ಕಾಜಕ್ಕ ಮೊದಲು ಡಬ್ಬಿಯನ್ನು ಬಿಸಿಲಿಗಿಟ್ಟಳು. ಮುಲಾಮು ಮೆತ್ತಗಾಗುವವರೆಗೆ ಕೈ ಚಾಚಿ ಕೂತಳು. ಹಚ್ಚಿ, ತೊಳೆದು, ಆಮೇಲೆ ಗೋಣಿ ಹೊಲಿಯುವ ದಬ್ಬಳಕ್ಕೆ ಸಣಬಿನ ಹುರಿ ಪೋಣಿಸಿ ಅಂಚು ಕಟ್ಟಲು ಶುರುಮಾಡಿದಳು. ಒಂದರ ಪಕ್ಕ ಒಂದು, ಒಂದೇ ಅಳತೆ, ಮೂಲೆಯಲ್ಲಿ ಬೀಸಣಿಗೆಯಂತೆ ಬಿಚ್ಚಿ ಮತ್ತೆ ಒಟ್ಟುಗೂಡುವ ಹೊಲಿಗೆ. ಗಂಡ ಕೋಣೆಯ ಬಾಗಿಲಲ್ಲಿ ತಲೆಯ ಮೇಲೆ ಕೈ ಹೊತ್ತು ನಿಂತಿದ್ದವನು, ಸ್ವಲ್ಪ ಹೊತ್ತಾದ ಮೇಲೆ, "ಆ ಕಡೆ ಒಂದು ಹೊಲಿಗೆ ಸಡಿಲ ಆಯ್ತು ನೋಡು," ಎಂದ. ಅವನೂ ಟೈಲರೇ ತಾನೆ.

ಅವಳಿಗೆ ಒಳಗಿಂದ ಕಾಣದೆ ಇದ್ದದ್ದು ಒಂದಿತ್ತು. ಕಾಜಾ ಬಿದ್ದದ್ದು ಸರಿಯಾಗಿ ಆ ಮಲಗಿದ ಹೆಂಗಸಿನ ಎಡಗಣ್ಣಿನ ಸೌತೆಕಾಯಿಯ ಮೇಲೆ. ಬೀದಿಯಲ್ಲಿ ನಿಂತವರಿಗೆ, ನಿದ್ದೆಯಲ್ಲಿದ್ದವಳು ಥಟ್ಟನೆ ಒಂದು ಕಣ್ಣು ಬಿಟ್ಟು ಊರನ್ನೆಲ್ಲ ದುರುಗುಟ್ಟಿ ನೋಡಿದ ಹಾಗಿತ್ತು. ಕಣ್ಣಿನ ಸುತ್ತ ಒತ್ತಾದ ರೆಪ್ಪೆ ಬೇರೆ. ಒಳಗೆ ಕಾಜಕ್ಕ ತಲೆಯಾಡಿಸಿದರೆ ಕಣ್ಣುಗುಡ್ಡೆ ತಿರುಗುತ್ತಿತ್ತು. ಗಡಿಯಾರದವನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ಸಾಲ ಮಾಡಿದವನೊಬ್ಬ ಆ ಬೀದಿ ಬಿಟ್ಟು ಸುತ್ತಿ ಬಳಸಿ ಹೋಗತೊಡಗಿದನಂತೆ. ಅದು ಎಷ್ಟು ನಿಜವೋ ಗೊತ್ತಿಲ್ಲ.

ಮ್ಯಾನೇಜರು ಓಡಿ ಬಂದ. ಜನ್ಮದಲ್ಲಿ ಮೊದಲ ಬಾರಿ ಅವನ ದನಿ ಏರಿತು.

"ಏನ್ರೀ ಇದು! ಹರಿದು ಹಾಕಿದೀರಲ್ರೀ!"

"ಹರಿದಿಲ್ಲ, ಹೊಲಿದಿದೀನಿ. ಕೈ ಹಾಕಿ ಎಳೀರಿ, ಒಂದೆಳೆ ಬಂದ್ರೆ ಕೇಳಿ," ಎಂದಳು ಕಾಜಕ್ಕ ಕೂತಲ್ಲಿಂದಲೇ.

"ನಾನು ಓನರ್‌ಗೆ ಫೋನ್ ಮಾಡ್ತೀನಿ. ರೂಮ್ ಖಾಲಿ ಮಾಡಿಸ್ತೀನಿ!"

"ಮಾಡಪ್ಪ ಮಾಡು," ಎಂದರು ಅತ್ತೆ, ಮಂಡಿಯನ್ನು ಬಿಸಿಲಿಗೆ ತಿರುಗಿಸುತ್ತ. "ಈ ಮುದುಕೀನ ಎತ್ಕೊಂಡು ಹೋಗೋಕೆ ಎಷ್ಟು ಜನ ಬೇಕು ಅಂತಲೂ ಕೇಳ್ಕೋ. ನಾನಾಗಿ ನಡೆಯಲ್ಲ."

ಮ್ಯಾನೇಜರು ಫೋನು ಮಾಡಿದ. ಓನರು ಎಲ್ಲೋ ರಜೆಗೆ ಹೋಗಿ ಬಿಸಿಲಿಗೆ ಮೈಯೊಡ್ಡಿ ಮಲಗಿದ್ದನಂತೆ, ಎತ್ತಲಿಲ್ಲ. ಸರಿ, ಬ್ಯಾನರು ಕಟ್ಟುವವನನ್ನು ಕರೆಸಿದ. ನರೆತ ಮೀಸೆಯ ಏಣಿಯಾತ ಹೆಗಲಿಗೆ ಅಂಟುಪಟ್ಟಿಯ ಸುರುಳಿಗಳನ್ನು ನೇತುಹಾಕಿಕೊಂಡು ಹೊರಗಿನಿಂದ ಏಣಿ ಹತ್ತಿ ಬಂದ. ಒಂದು ಪಟ್ಟಿ ಅಂಟಿಸಿದ. ಕಾಜಕ್ಕ ಒಳಗಿಂದ ಕತ್ತರಿಯ ಮೊನೆಯಲ್ಲಿ ಚರ್ರೆಂದು ಸೀಳಿದಳು. ಇನ್ನೊಂದು ಅಂಟಿಸಿದ, ಇನ್ನೊಮ್ಮೆ ಸೀಳಿದಳು. ಆತ ಅಂಟಿಸುವುದು, ಇವಳು ಸೀಳುವುದು. ಕೆಳಗೆ ಜನ ಎರಡು ಪಂಗಡವಾಗಿ ಕೇಕೆ ಹಾಕತೊಡಗಿದರು.

"ಅಕ್ಕಾ, ಯಾಕಕ್ಕಾ ನನ್ನ ಹೊಟ್ಟೆ ಮೇಲೆ ಹೊಡೀತೀರಾ? ಇದು ಅಂಟೋ ತನಕ ಅವ್ರು ನನ್ನ ಇಳಿಸಲ್ಲ," ಎಂದ ಏಣಿಯಾತ ಕಾಜಾದ ಆಚೆಯಿಂದ.

ಕಾಜಕ್ಕ ಕತ್ತರಿ ಎತ್ತಿದವಳು ನಿಲ್ಲಿಸಿದಳು. ಪಟ್ಟಿ ಹಿಡಿದ ಅವನ ಕೈ ಅವಳ ಮೂಗಿನ ಮುಂದೆಯೇ ಇತ್ತು. ಬಿರುಕು ಬಿಟ್ಟು, ಬಿರುಕಿನೊಳಗೆ ಅಂಟು ತುಂಬಿ ಕರ್ರಗಾದ ಬೆರಳು.

"ಅಯ್ಯಯ್ಯೋ, ಏನಣ್ಣಾ ಈ ಕೈ! ಕೊಡಿಲ್ಲಿ."

"ಯಾಕಕ್ಕಾ?"

"ಕೊಡೀಂದ್ರೆ ಕೊಡಿ. ಕಚ್ಚಲ್ಲ."

ಆತ ಕಾಜಾದೊಳಗೆ ಕೈ ತೂರಿಸಿದ. ಅವಳು ಡಬ್ಬಿಯಿಂದ ಬೆಣ್ಣೆಯಂಥ ಮುಲಾಮು ತೆಗೆದು ಒಂದೊಂದೇ ಬೆರಳಿಗೆ ಉಜ್ಜಿದಳು, ಉಗುರಿನ ಬುಡದಿಂದ ಅಂಗೈಯವರೆಗೆ. ಬಲಗೈ ಮುಗಿಸಿ ಎಡಗೈ ಕೇಳಿದಳು. ಏಣಿಯಾತ ಕಂಬಿಗೆ ಮೊಣಕೈ ಸಿಕ್ಕಿಸಿ ನಿಂತು, ಬಿಸಿಲಿಗೆ ಬೆನ್ನು ಕೊಟ್ಟು, ಮೆಲ್ಲಗೆ ಕಣ್ಣು ಮುಚ್ಚಿದ.

"ಹಾಯ್ ಅನ್ಸುತ್ತೆ ಅಕ್ಕಾ," ಎಂದ.

"ರೀ ಅಂಟಿಸ್ರೀ! ಏನ್ ನಿದ್ದೆ ಮಾಡ್ತಿದೀರಾ?" ಎಂದು ಕೆಳಗಿನಿಂದ ಮ್ಯಾನೇಜರು ಕಿರುಚಿದ.

ಆತ ಗಡಬಡಿಸಿ ಪಟ್ಟಿ ಎಳೆದ. ಪಟ್ಟಿ ಎಣ್ಣೆಗೈಯಿಂದ ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. ಹಾಗೂ ಹೀಗೂ ಅಂಟಿಸಿದ್ದು ಅವನ ಕೈ ಸವರಿದ ಕಡೆಯೆಲ್ಲ ಎಣ್ಣೆಯಾಗಿ ಸುರುಳಿ ಸುತ್ತಿ ಬೀದಿಗೆ ಬಿತ್ತು. ಕೊನೆಗೆ ಇಡೀ ಸುರುಳಿಯೇ ಕೈಜಾರಿ, ಉರುಳಿಕೊಂಡು ಹೋಗಿ ಗಡಿಯಾರದವನ ಅಂಗಡಿ ಸೇರಿತು. ಅವನು ಅಭ್ಯಾಸಬಲದಿಂದ ತಲೆ ತಗ್ಗಿಸಿದ್ದ, ಬಚಾವಾದ.

"ಸಾರ್, ಇದು ಇನ್ನು ಅಂಟಲ್ಲ ಸಾರ್," ಎಂದು ಏಣಿಯಾತ ಇಳಿದ. ಇಳಿಯುವಾಗ ಮುಖದಲ್ಲಿ ಅಷ್ಟೇನೂ ದುಃಖವಿರಲಿಲ್ಲ.

ಸಂಜೆಯ ಹೊತ್ತಿಗೆ ಮ್ಯಾನೇಜರಿಗೆ ಬೇರೆಯದೇ ಬುದ್ಧಿ ಬಂದಿತ್ತು. ಕಣ್ಣು ನೋಡಲು ಬಂದವರು ಮೇಲೆ ಹತ್ತಿ ಅವನ ಅಂಗಡಿಯನ್ನೂ ನೋಡಿ ಹೋಗುತ್ತಿದ್ದರು. ಅವನ ದನಿ ಮತ್ತೆ ಪಿಸುಮಾತಿಗಿಳಿದಿತ್ತು.

"ಮೇಡಂ, ಆಗಿದ್ದಾಯ್ತು. ನೀವು ದಿನಾ ಅಲ್ಲೇ ಕೂತ್ಕೊಳ್ಳಿ, ಸ್ವಲ್ಪ ನಗ್ತಾ. ನಮ್ಮ ಹೆಸರಿರೋ ಡಬ್ಬಿ ಕೊಡ್ತೀನಿ, ಅದ್ರಿಂದ ಹಚ್ಕೊಳ್ಳೋ ಹಾಗೆ ಮಾಡಿ. ನಿಮಗೂ ಏನಾದ್ರೂ ಮಾಡೋಣ."

"ನಗು ಬಂದ್ರೆ ನಗ್ತೀನಿ. ನಿಮ್ಮ ಡಬ್ಬಿ ಹಿಡ್ಕೊಂಡು ನಗಲ್ಲ," ಎಂದಳು ಕಾಜಕ್ಕ. "ಸಾರ್, ಇದು ನಾನು ನನಗೋಸ್ಕರ ಕೂರೋ ಹೊತ್ತು. ಬೆಳಗಾದ್ರೆ ಊರಿಗೆಲ್ಲ ಹೊಲೀತೀನಿ. ಈ ಒಂದು ಚೂರು ಹೊತ್ತನ್ನೂ ನಿಮಗೆ ಹೊಲಿದು ಕೊಡ್ಬೇಕಾ?"

ಆತ ಗಂಡನ ಕಡೆ ತಿರುಗಿದ. "ಹಾಗಾದ್ರೆ ಒಂದು ಗುಂಡಿನಾದ್ರೂ ಹಾಕಿ ಸಾರ್. ನಿಮಗೆ ಬೇಕಾದಾಗ ಬಿಚ್ಕೊಳ್ಳಿ, ಆಮೇಲೆ ಮುಚ್ಚಿಬಿಡಿ. ಇಬ್ರಿಗೂ ಆಗುತ್ತೆ."

ಗಂಡನಿಗೆ ಹೋದ ಜೀವ ಬಂದಂತಾಯಿತು. ಜಗಳ ಮುಗಿಯಿತಲ್ಲ! ಅಂದೇ ಕೂತು ತಟ್ಟೆಯಗಲದ ಹಲಗೆಯ ಬಿಲ್ಲೆ ಕೊಯ್ಯಿಸಿ ತಂದ, ಅದಕ್ಕೆ ಸೌತೆಕಾಯಿ ಬಣ್ಣದ ಬಟ್ಟೆ ಹೊದಿಸಿದ, ನಡುವೆ ಬೀಜದ ಹಾಗೆ ಕಸೂತಿ ಬೇರೆ ಮಾಡಿದ. ಅವನ ಜೀವಮಾನದ ಅತ್ಯುತ್ತಮ ಗುಂಡಿ ಅದು. ಕೈಯಲ್ಲಿ ಹಿಡಿದುಕೊಂಡು ಹೆಂಡತಿಯ ಮುಂದೆ ನಿಂತಾಗ ಮದುವೆಯ ದಿನ ನಿಂತ ಹಾಗೇ ನಿಂತಿದ್ದ.

ಕಾಜಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಎಷ್ಟು ಚೆನ್ನಾಗ್ ಮಾಡಿದೀರಿ ರೀ."

"ಹೊಲಿದುಬಿಡ್ಲಾ?"

"ಬೇಡ."

"ಅಲ್ವೇ, ಕಾಜಾ ಅಂದ್ಮೇಲೆ ಗುಂಡಿ ಬೇಡ್ವಾ?"

"ಇಷ್ಟು ವರ್ಷ ಹಾಕಿದ ಕಾಜಾ ಎಲ್ಲಾ ಯಾರ್ಯಾರದೋ ಗುಂಡಿಗೇ ಹಾಕಿದ್ದು. ಅವರ ಎದೆ ಬೆಚ್ಚಗಿರ್ಲಿ ಅಂತ. ಇದೊಂದು ನನಗೆ ಹಾಕ್ಕೊಂಡಿರೋದು. ಇದಕ್ಕೆ ಗುಂಡಿ ಹಾಕಿದ್ರೆ ನಾಳೆ ಅವನು ಬಂದು ಮುಚ್ತಾನೆ, ನಾಳಿದ್ದು ನೀವೇ ಮುಚ್ತೀರಿ, ಜಗಳ ಬೇಡ ಅಂತ. ಆಮೇಲೆ ಚಳಿ ಜಾಸ್ತಿ ಅಂತ ನಾನೇ ಮುಚ್ಕೊಂಡು ಒಳಗೆ ಕೂತ್ಕೊಂಡ್ಬಿಡ್ತೀನಿ. ಬೇಡ ರೀ. ತೆಗೆದೇ ಇರ್ಲಿ."

ಗಂಡ ಗುಂಡಿಯನ್ನು ನೋಡಿದ, ಹೆಂಡತಿಯ ಬೆರಳನ್ನು ನೋಡಿದ. ಹೆಬ್ಬೆರಳ ಬಿರುಕು ಆಗಲೇ ಅಂಚಿನಿಂದ ಕೂಡಿಕೊಳ್ಳಲು ಶುರುವಾಗಿತ್ತು. ಅವನು ಗುಂಡಿಯನ್ನು ತಾಯಿಯ ಕೈಗೆ ಕೊಟ್ಟ. ಅವರು ಅದನ್ನು ಮುಲಾಮಿನ ಡಬ್ಬಿಯ ಮೇಲಿಟ್ಟು ನೋಡಿದರು. ಹೇಳಿ ಮಾಡಿಸಿದಂತೆ ಕೂತಿತು. ಡಬ್ಬಿಯ ಹಳೆಯ ಮುಚ್ಚಳ ಸೊಟ್ಟಗಾಗಿ ಎಷ್ಟೋ ಕಾಲವಾಗಿತ್ತು.

ವರ್ಷದ ಕೊನೆಯ ದಿನ ವಾದ್ಯದವರು ಹೊಸ ಕೋಟು ತೊಟ್ಟು ಬೀದಿಯಲ್ಲಿ ಬಂದರು. ಹಾಲು ಚೆಲ್ಲಿದಂಥ ಬಿಳಿ, ಒಂದು ಚುಕ್ಕೆಯಿಲ್ಲ. ಬ್ಯಾಂಡ್ ಮೇಷ್ಟ್ರು ಕೆನ್ನೆಯುಬ್ಬಿಸಿ ಕಹಳೆ ಊದಿದ ರಭಸಕ್ಕೆ ಎದೆಯ ಗುಂಡಿಗಳೆಲ್ಲ ನರಳಿದವು, ಕಾಜಾ ಮಾತ್ರ ಜಗ್ಗಲಿಲ್ಲ. ಗಡಿಯಾರದವನು ಧೈರ್ಯ ಮಾಡಿ ತಲೆಯೆತ್ತಿಯೇ ನೋಡಿದ.

ಮ್ಯಾನೇಜರು ಮೆಟ್ಟಿಲ ತಿರುವಿಗೆ ಬಂದು ಕಾಜಾಕ್ಕೆ ಅಡ್ಡವಾಗಿ ನಿಂತ. "ರಜೆ ಮುಗೀತು ಮೇಡಂ. ಬ್ಯಾನರ್ ಬಿಚ್ತೀವಿ. ಮುಂದಿನ ವರ್ಷ ಇನ್ನೂ ದಪ್ಪಂದು ಹಾಕಿಸ್ತೀನಿ, ತಿಳ್ಕೊಳ್ಳಿ."

"ಹಾಕ್ಸಿ ಸಾರ್," ಎಂದಳು ಕಾಜಕ್ಕ, ಅಂಗೈ ಎರಡನ್ನೂ ಬಿಸಿಲಿಗೆ ತಿರುಗಿಸಿ, ಕಣ್ಣು ಮುಚ್ಚಿಕೊಂಡೇ. "ದಪ್ಪ ಬಟ್ಟೆ ಮೇಲೆ ಕಾಜಾ ಇನ್ನೂ ಚೆನ್ನಾಗ್ ಕೂರುತ್ತೆ. ಈಗ ಸ್ವಲ್ಪ ಪಕ್ಕಕ್ ನಿಂತ್ಕೊಳ್ಳಿ, ನೆರಳು ಬೀಳ್ತಿದೆ."